ಸುಮತಿ ನಿಲಯದ ವಿಳಾಸ

ಮುಂಡಕ್ಕಯಂ
14 ಅಕ್ಟೋಬರ್ 2017

ಮಾಹೆಯ ಸುಮತಿ ನಿಲಯದಲ್ಲಿರುವ ಸುಮತಿ ಎಂಬವರಿಗೆ,

ನಾನು ತೆಕ್ಕೇಮುರಿಯಿಲ್ ಕುರ್ಯಚ್ಚನ್ ಅವರ ಹೆಂಡತಿ ಎಲ್ಸಮ್ಮ. ಮೊನ್ನೆ ಅವರ ನಲವತ್ತೊಂದನೆಯ ದಿನದ ಪ್ರಾರ್ಥನೆ ಮುಗಿಯಿತು. ಅದು ಮುಗಿಯುವ ತನಕ ಬಾಯಿ ಬಿಡಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಕೇಳುತ್ತೇನೆ.

ಓಣಂ ಹಿಂದಿನ ಶನಿವಾರ ಕೊಯಿಲಾಂಡಿಯ ಹತ್ತಿರ ಅವರು ವ್ಯಾನು ನಿಲ್ಲಿಸಿ, ಸಸಿಗಳ ಮೇಲಿನ ತಾಡಪಾಲು ಬಿಗಿಯಲು ಇಳಿದಾಗ ಲಾರಿ ಬಡಿಯಿತು. ಅವರ ಮೊಬೈಲಿನಲ್ಲಿ ಸಿಕ್ಕ ನಂಬರಿಗೆ ಪೊಲೀಸರು ಫೋನ್ ಮಾಡಿದ್ದು ಮಧ್ಯಾಹ್ನ. "ಮಾಹೆಯಲ್ಲಿರೋ ಅವರ ಮನೆಗೆ ಬೆಳಗ್ಗೇನೇ ತಿಳಿಸಿದೀವಮ್ಮ. ಆ ಮನೆಯವರು ಬಂದು ಗುರುತು ಹಿಡಿದಿದ್ದಾರೆ. ನೀವು ಯಾರು?" ಎಂದು ಕೇಳಿದರು. ಹದಿನೆಂಟು ವರ್ಷ ಅವರ ಜೊತೆ ಬಾಳಿದವಳು ನಾನು ಯಾರು ಎಂದು ಒಬ್ಬ ಪೇದೆಗೆ ವಿವರಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅವರಿಗೆ ಹೊಸ ಮುಂಡು ಹೊದಿಸಿದ್ದರು. ಕಣ್ಣೂರಿನ ಮಗ್ಗದ್ದು, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಅದು ನಾನು ಕೊಂಡದ್ದಲ್ಲ. ತಿಂಗಳಿಗೊಮ್ಮೆ ರಂಬುಟಾನ್, ಮ್ಯಾಂಗೋಸ್ಟೀನ್ ಸಸಿ ತುಂಬಿಕೊಂಡು ನಿಮ್ಮ ಕಡೆಗೆ ಬಂದಾಗ ತಲಶ್ಶೇರಿಯ ಲಾಡ್ಜಿನಲ್ಲಿ ಉಳಿಯುತ್ತೇನೆ ಎನ್ನುತ್ತಿದ್ದರು. ಆ ಲಾಡ್ಜಿಗೆ ಫೋನ್ ಮಾಡಿದೆ. ಆ ಹೆಸರಿನವರು ಎಂದೂ ಬಂದಿಲ್ಲವಂತೆ. ವ್ಯಾನಿನ ನೋಂದಣಿಯಲ್ಲಿ ನಿಮ್ಮ ಮನೆಯ ಹೆಸರಿದೆ.

ನಮಗೆ ದೇವರು ಮಕ್ಕಳನ್ನು ಕೊಡಲಿಲ್ಲ. ನಿಮಗೆ ಇದ್ದಾರೆಯೇ? ಅಷ್ಟು ಹೇಳಿದರೆ ಸಾಕು. ಮುಂಡು ಒಗೆದು ಮಡಿಸಿಟ್ಟಿದ್ದೇನೆ. ಬೇಕಾದರೆ ಕಳಿಸುತ್ತೇನೆ.

ಎಲ್ಸಮ್ಮ


ಮಾಹೆ
23 ಅಕ್ಟೋಬರ್ 2017

ಶ್ರೀಮತಿ ಎಲ್ಸಮ್ಮನವರಿಗೆ ಪವಿತ್ರನ್ ಬರೆಯುವುದು.

ನಿಮ್ಮ ಪತ್ರ ಕೈಸೇರಿ ಕೆಲವು ದಿನವಾಯಿತು. ಅಂಚೆಯವನು ಗೇಟಿನ ಬಳಿಯೇ ನಿಂತು, ಒಳಗೆ ಬರಲೋ ಬೇಡವೋ ಎನ್ನುವವನ ಹಾಗೆ ಅತ್ತಿತ್ತ ನೋಡಿ, "ಏಟ್ಟಾ, ಸುಮತಿ ಏಟತ್ತಿಯ ಹೆಸರಿಗೆ ಕಾಗದ ಇದೆ" ಎಂದ. ಅತ್ತಿಗೆಯೆಂದು ಹಾಗೆ ಕರೆಯುತ್ತಿದ್ದವಳನ್ನು ದಹನ ಮಾಡಿದ ದಿನ ಸೌದೆ ಹೊತ್ತವರಲ್ಲಿ ಅವನೂ ಒಬ್ಬ. ಸುಮತಿ ನನ್ನ ಹೆಂಡತಿ. ಮೂತ್ರಪಿಂಡದ ಕಾಯಿಲೆಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಯಿತು. ನಮಗೂ ಮಕ್ಕಳಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಉಳಿದದ್ದನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಇಷ್ಟು ದಿನ ಹೋಯಿತು. ನಡುವೆ ಇಲ್ಲಿಯ ಇಗರ್ಜಿಯ ಹಬ್ಬ, ಊರಿಡೀ ಮೇಣದಬತ್ತಿಯ ಹೊಗೆ, ಮನೆಯ ಮುಂದೆ ಕಾಲಿಡಲು ಜಾಗವಿಲ್ಲ. ನೆಪ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಮಾತೇ ಹೀಗೆ, ಸುತ್ತು ಬಳಸಿ ಬರುತ್ತದೆ. ಸುಮತಿ ಇದ್ದಿದ್ದರೆ ಮಧ್ಯದಲ್ಲೇ ತಡೆದು "ವಿಷಯ ಹೇಳಿ" ಎನ್ನುತ್ತಿದ್ದಳು.

ವಿಷಯ ಹೇಳುತ್ತೇನೆ. ನಾನು ಸೇತುವೆಯ ಹತ್ತಿರ ವಾಹನ ಮಾರುವ ಸಣ್ಣ ಏಜೆನ್ಸಿ ನಡೆಸುತ್ತೇನೆ. ನಾವು ಪುದುಚೇರಿ ಸರ್ಕಾರದವರು, ಸುತ್ತ ಕೇರಳ. ಸೇತುವೆಯ ಆಚೆ ಒಂದು ತೆರಿಗೆ, ಈಚೆ ಒಂದು ತೆರಿಗೆ. ಈ ಊರು ಉಂಡದ್ದು ಆ ನಡುವಿನ ಅನ್ನವನ್ನೇ. ಜುಲೈಯಲ್ಲಿ ಹೊಸ ತೆರಿಗೆ ಬಂದು ಸಾಮಾನಿಗೆಲ್ಲ ಎರಡೂ ಕಡೆ ಒಂದೇ ದರವಾದ ಮೇಲೆ ಟೈಲ್ಸಿನವರು, ಫ್ಯಾನು ಮಿಕ್ಸಿಯವರು ಒಬ್ಬೊಬ್ಬರೇ ಬಾಗಿಲು ಎಳೆಯುತ್ತಿದ್ದಾರೆ. ವಾಹನದ ತೆರಿಗೆ ಮಾತ್ರ ಇನ್ನೂ ಆಯಾ ಸರ್ಕಾರದ ಕೈಯಲ್ಲಿದೆ, ಇಲ್ಲಿ ಕಡಿಮೆ. ಆದರೆ ಇಲ್ಲಿ ನೋಂದಾಯಿಸಲು ಇಲ್ಲಿಯ ವಿಳಾಸ ಬೇಕು. ಹಾಗಾಗಿ ನಾವು ವಿಳಾಸ ಕೊಡುತ್ತಿದ್ದೆವು. ಪಕ್ಕದ ಮನೆಯವರು ಕೇಳಿದರೆ ಏಣಿ ಕೊಡುವುದಿಲ್ಲವೇ, ಹಾಗೆ. ಮೂರು ವರ್ಷದ ಹಿಂದೆ ನಿಮ್ಮವರು ವ್ಯಾನು ಕೊಂಡಾಗ ನನ್ನ ಮನೆಯ ವಿಳಾಸ ಕೊಟ್ಟೆ. ಆಮೇಲೆ ಈ ಕಡೆ ಬಂದಾಗೆಲ್ಲ ಇಲ್ಲೇ ಮಲಗುತ್ತಿದ್ದರು. ಲಾಡ್ಜಿಗೆ ಯಾಕೆ ಹೋಗುತ್ತೀಯ ಎಂದವನು ನಾನು.

ನಿಮಗೆ ಹೇಳದೇ ಇದ್ದದ್ದು ನಿಮ್ಮ ತಂದೆಯವರ ಹೆದರಿಕೆಯಿಂದ. ವರ್ಕಿ ಸಾರ್ ಕುಮಳಿ ಚೆಕ್‌ಪೋಸ್ಟಿನಲ್ಲಿ ತೆರಿಗೆ ಇನ್ಸ್‌ಪೆಕ್ಟರಾಗಿದ್ದಾಗ ಸ್ವಂತ ತಮ್ಮನ ಕಾಳುಮೆಣಸಿನ ಲಾರಿಯನ್ನು ರಾತ್ರಿಯಿಡೀ ತಡೆದು ನಿಲ್ಲಿಸಿದ ಕಥೆಯನ್ನು ಕುರ್ಯಚ್ಚನ್ ಎಷ್ಟು ಸಲ ಹೇಳಿದ್ದಾರೋ. "ಮಾವನಿಗೆ ಗೊತ್ತಾದ್ರೆ ನನ್ನನ್ನೂ ತಾಡಪಾಲು ಹಾಕಿ ಬಿಗಿದು ಸೀಲು ಹೊಡೀತಾರೆ ಚೇಟ್ಟಾ" ಎನ್ನುತ್ತಿದ್ದರು. ವ್ಯಾನಿನ ವಿಷಯ ಮುಚ್ಚಿಟ್ಟ ಮೇಲೆ ನನ್ನ ಮನೆಯ ವಿಷಯವನ್ನೂ ಮುಚ್ಚಿಡಬೇಕಾಯಿತು.

ಮುಂಡು ನಾನು ಓಣಂಗೆಂದು ನನಗೇ ಕೊಂಡದ್ದು. ಪೇದೆ ಬಂದು "ಕುರ್ಯಚ್ಚನ್ ಮನೆ ಇದೇನಾ? ಅವರ ಹೆಂಡ್ತಿ ಇದ್ದಾರಾ?" ಎಂದು ಕೇಳಿದಾಗ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಟೆ. ರಾತ್ರಿಯವರೆಗೆ ಅವರ ಹತ್ತಿರ ಕುಳಿತಿದ್ದೆ. ನಿಮ್ಮವರ ಕಾರಿನಿಂದ ಪಾದ್ರಿಗಳು ಇಳಿಯುವುದನ್ನು ಕಂಡು, ನೀನು ಯಾರು ಎಂದು ಕೇಳಿದರೆ ಏನು ಹೇಳುವುದೆಂದು ತೋಚದೆ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟೆ.

ಮುಂಡು ಕಳಿಸಬೇಡಿ.

ಪವಿತ್ರನ್


ಮುಂಡಕ್ಕಯಂ
6 ನವೆಂಬರ್ 2017

ಪವಿತ್ರನ್ ಎಂಬವರಿಗೆ,

ನಿಮ್ಮ ಪತ್ರ ಓದಿದೆ. ಒಬ್ಬ ಗಂಡಸಿನ ಪರವಾಗಿ ಇನ್ನೊಬ್ಬ ಗಂಡಸು ಕಟ್ಟುವ ಕಥೆ ಹೇಗಿರುತ್ತದೆ ಎಂದು ಗೊತ್ತಿಲ್ಲದ ವಯಸ್ಸು ನನ್ನದಲ್ಲ. ಸತ್ತವರ ಹೆಸರು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ ಎಂದು ನಿಮಗೂ ಗೊತ್ತಿರುತ್ತದೆ.

ಇಲ್ಲಿಗೆ ನೋಟೀಸು ಬಂದಿದೆ. ಅಪಘಾತದ ಕಾಗದದಲ್ಲಿ ಅವರ ಮನೆ ಮುಂಡಕ್ಕಯಂ, ವ್ಯಾನು ಮಾಹೆಯದು. ಈಗ ಕೇರಳದಲ್ಲಿ ಹೊರಗಿನ ವಾಹನಗಳನ್ನೆಲ್ಲ ಹುಡುಕಿ ಹಿಡಿಯುತ್ತಿದ್ದಾರೆ. ಕೊಂಡ ದಿನದಿಂದ ಇಲ್ಲಿಯ ತೆರಿಗೆ, ಅದರ ಮೇಲೆ ದಂಡ. ಕಟ್ಟಬೇಕಾದರೆ ವ್ಯಾನನ್ನೇ ಮಾರಬೇಕು. ವ್ಯಾನು ಹೋದರೆ ನರ್ಸರಿ ಇಲ್ಲ. ವಕೀಲರು ನಗುತ್ತಾ ಹೇಳಿದರು: "ಆತ ಮಾಹೆಯಲ್ಲೇ ವಾಸ ಇದ್ದ ಅಂತಾದ್ರೆ ಒಂದು ಪೈಸೆ ಕಟ್ಟಬೇಕಾಗಿಲ್ಲ. ಆ ಮನೆಯವರು ಬರೆದುಕೊಡ್ಲಿ, ನೀವು ಹೌದು ಅನ್ನಿ. ಅಷ್ಟೇ."

ನನ್ನ ಭಾಗ್ಯ ನೋಡಿ. ಗಂಡ ನನ್ನ ಜೊತೆ ಇರಲಿಲ್ಲ, ಸುಮತಿ ನಿಲಯದಲ್ಲಿದ್ದ ಎಂದು ನಾನೇ ಹೌದು ಎನ್ನಬೇಕು. ಆಗ ಎಲ್ಲವೂ ಉಳಿಯುತ್ತದೆ. ನಿಮ್ಮಂಥವರಿಗೆ ಇದೇನು ಕಷ್ಟ? ಒಂದು ಕಾಗದ ಗೀಚಿದರಾಯಿತು.

ವ್ಯಾನು, ನರ್ಸರಿ, ಅದರ ಚಿಂತೆ ಆಮೇಲಿನದು. ಅವರು ನನ್ನವರಾಗಿದ್ದರೋ ಇಲ್ಲವೋ, ಅದೊಂದು ತಿಳಿಯದೆ ಸಮಾಧಿಯ ಮುಂದೆ ಮಂಡಿಯೂರಿದರೆ ಪ್ರಾರ್ಥನೆ ಬರುವುದಿಲ್ಲ. ಒಂದು ಮಾತು ಹೇಳಿ. ನಿಮ್ಮ ಮನೆಯಲ್ಲಿ ಅವರು ಮಲಗುತ್ತಿದ್ದದ್ದು ಯಾವ ಕೋಣೆಯಲ್ಲಿ?

ಎಲ್ಸಮ್ಮ


ಮಾಹೆ
18 ನವೆಂಬರ್ 2017

ಎಲ್ಸಮ್ಮ ಮಗಳೇ,

ಹೀಗೆ ಕರೆದರೆ ಸಿಟ್ಟಾಗಬೇಡಿ. ಕುರ್ಯಚ್ಚನ್ ನನ್ನನ್ನು ಚೇಟ್ಟಾ ಎನ್ನುತ್ತಿದ್ದ, ಆ ಲೆಕ್ಕದಲ್ಲಿ ನೀವು ತಮ್ಮನ ಹೆಂಡತಿ. ಆದರೆ ನನಗೆ ವಯಸ್ಸಾಗಿದೆ, ಮಗಳೇ ಎನ್ನುವುದೇ ಸಲೀಸು.

ಅವನು ಮಲಗುತ್ತಿದ್ದದ್ದು ಹೊರಕೋಣೆಯಲ್ಲಿ. ಮೊದಲು ಅಲ್ಲಿ ಹೆಲ್ಮೆಟ್ಟು, ಸೀಟ್ ಕವರುಗಳ ಪೆಟ್ಟಿಗೆ ಒಟ್ಟಿದ್ದೆ. ಅವನಿಗಾಗಿ ಒಂದು ಬದಿ ಖಾಲಿ ಮಾಡಿ ಚಾಪೆ ಹಾಕಿದೆ. ಕಾಲು ಉದ್ದ, ಬಾಗಿಲಿನಿಂದ ಪಾದ ಹೊರಗೆ ಬರುತ್ತಿತ್ತು, ಬೆಳಗ್ಗೆ ನಾನು ದಾಟಿಕೊಂಡು ಹೋಗಬೇಕಿತ್ತು. ಗೋಡೆಯ ಮೇಲೆ ಸುಮತಿಯ ಫೋಟೋ ಇದೆ. ಊಟ ಮುಗಿಸಿ ಅದರ ಮುಂದೆ ನಿಂತು "ಏಟತ್ತೀ, ನಿಮ್ಮ ಯಜಮಾನ್ರು ಇವತ್ತೂ ಬಂಗುಡೆಗೆ ಎರಡು ಸಲ ಉಪ್ಪು ಹಾಕಿದ್ರು" ಎಂದು ದೂರು ಹೇಳುತ್ತಿದ್ದ. ಈ ಮನೆಯಲ್ಲಿ ಅವಳ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಅವನೊಬ್ಬನೇ. ನನಗೆ ಆಗುತ್ತಿರಲಿಲ್ಲ.

ಈಗ ಮುಖ್ಯ ಸಂಗತಿ. ನೀವು ನೇರವಾಗಿ ಕೇಳಲಿಲ್ಲ, ಸ್ವಾಭಿಮಾನಿ ಎಂದು ಅವನು ಹೇಳಿದ್ದ. ಆದರೂ ನಿಮ್ಮ ಪತ್ರದ ಮನಸ್ಸು ನನಗೆ ಅರ್ಥವಾಯಿತು. ಒಂದು ಕಾಗದ ಗೀಚಲು ನನಗೇನು ಕಷ್ಟ? ಗೀಚಿದೆ. ಅದೂ ಇಂಗ್ಲಿಷಿನಲ್ಲಿ. ತಲಶ್ಶೇರಿಯ ಕಾಲೇಜಿನಲ್ಲಿ ಎರಡು ವರ್ಷ ಬಿ.ಎ. ಓದಿದ್ದೆ. ಬೆಂಚಿನ ಮೇಲೆ ನಿಲ್ಲಿಸಿ ಅರ್ಜಿ ಬರೆಯಲು ಕಲಿಸಿದ ಮೇಷ್ಟ್ರ ಮುಖ ನೆನಪಿದೆ, ಅವರು ಕಲಿಸಿದ್ದರಲ್ಲಿ ಅರ್ಧ ಹೋಗಿದೆ. 'ಐ ಬೆಗ್ ಟು ಸ್ಟೇಟ್' ಎಂದು ಆರಂಭ ಚೆನ್ನಾಗಿ ಬಂತು. ಮುಂದೆ ಎಲ್ಲಿ ಪದ ಸಿಗಲಿಲ್ಲವೋ ಅಲ್ಲೆಲ್ಲ 'ಬೋನಫೈಡ್' ಹಾಕಿದೆ. ನಾಲ್ಕು ಕರಡು ಹರಿದೆ. ಕುರ್ಯಚ್ಚನ್ ಸುಮತಿ ನಿಲಯದ ಖಾಯಂ ನಿವಾಸಿ, ನಮ್ಮ ಕುಟುಂಬದವನೇ, ಇಲ್ಲೇ ಊಟ ಇಲ್ಲೇ ನಿದ್ದೆ, ಮುಂಡಕ್ಕಯಕ್ಕೆ ವ್ಯಾಪಾರದ ಮೇಲೆ ಆಗಾಗ ಹೋಗಿಬರುತ್ತಿದ್ದ ಎಂದು ಬರೆದೆ. ಸೇತುವೆಯ ಬಳಿ ಚಹಾ ಅಂಗಡಿ ಇಟ್ಟಿರುವ ನಾಣು ಸಾಕ್ಷಿ ಹಾಕಿದ. "ಇಂಗ್ಲಿಷಲ್ಲಿದ್ರೆ ಸುಳ್ಳೂ ಸರ್ಕಾರಿ ಆರ್ಡರ್ ಥರಾನೇ ಕಾಣುತ್ತೆ ಏಟ್ಟಾ" ಎಂದ. ನಿಮ್ಮ ಊರಿನ ಸಾರಿಗೆ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿ ಬಂದೆ.

ಆ ದಿನ ಎಷ್ಟೋ ಕಾಲದ ಮೇಲೆ ಹೊಟ್ಟೆ ತುಂಬ ಉಂಡೆ. ಅಂಗಡಿಗೆ ಈಗ ಯಾರೂ ಬರುವುದಿಲ್ಲ. ಬಂದವರು ಕೇರಳದಲ್ಲಿ ಹಿಡಿಯುತ್ತಾರಂತಲ್ಲ ಎಂದು ಕೇಳಿ ವಾಪಸು ಹೋಗುತ್ತಾರೆ. ಯಾರಿಗೂ ಬೇಡವಾದವನಿಂದ ಒಂದು ಕೆಲಸವಾಯಿತಲ್ಲ ಎಂಬ ಸಮಾಧಾನ. ನೀವು ನಿಶ್ಚಿಂತೆಯಿಂದಿರಿ.

ಪವಿತ್ರನ್


ಮುಂಡಕ್ಕಯಂ
13 ಡಿಸೆಂಬರ್ 2017

ಮಾಹೆಯ ಸುಮತಿ ನಿಲಯದಲ್ಲಿರುವ ಸುಮತಿ ಎಂಬವರಿಗೆ,

ನಿಮ್ಮ ಮನೆಯ ಪತ್ರವನ್ನು ನಿನ್ನೆ ಕಚೇರಿಯಲ್ಲಿ ಓದಿದರು.

ನನ್ನ ಜೊತೆ ಚಾಚನ್ ಬಂದಿದ್ದರು. ಮಗಳ ಜೊತೆ ತಂದೆ ಇರಬೇಕು ಎಂದು ನಾನು ಬೇಡವೆಂದರೂ ಕೇಳದೆ ಬಂದರು. ಕುರ್ಯಚ್ಚನ್ ಅವರ ಅಣ್ಣ ಔಸೇಪ್ಪಚ್ಚನೂ ಬಂದಿದ್ದರು. ಅಧಿಕಾರಿ ನನಗಿಂತ ಚಿಕ್ಕ ಹೆಣ್ಣುಮಗಳು. ಮೌನವಾಗಿ ಓದಿ ಬದಿಗಿಡುತ್ತಿದ್ದಳೋ ಏನೋ, ಔಸೇಪ್ಪಚ್ಚನ್ "ಅದ್ರಲ್ಲಿ ಏನಿದೆ ಮೇಡಂ, ನಮಗೂ ಗೊತ್ತಾಗ್ಲಿ" ಎಂದರು. ಅವಳು ಒಂದೊಂದೇ ವಾಕ್ಯವನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದಳು. ನಿಮ್ಮ ಕುಟುಂಬದವನು. ಅಲ್ಲೇ ಊಟ, ಅಲ್ಲೇ ನಿದ್ದೆ. ಇಲ್ಲಿಗೆ ವ್ಯಾಪಾರಕ್ಕೆ ಬರುತ್ತಿದ್ದದ್ದು. ಸಾಕ್ಷಿಯ ಸಹಿಯೂ ಇದೆ. "ಇದು ಸರಿ ತಾನೇ?" ಎಂದು ನನ್ನನ್ನು ಕೇಳಿದಳು. ವಕೀಲರು ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. ಸಹಿ ಹಾಕಿದೆ. ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ಹೊರಗೆ ಬಂದಾಗ ಔಸೇಪ್ಪಚ್ಚನ್, "ಅಲ್ಲ ಎಲ್ಸಮ್ಮ, ಹಾಗಾದ್ರೆ ಅವನು ವ್ಯಾಪಾರಕ್ಕೆ ಬರ್ತಾ ಇದ್ದದ್ದು ನಿನ್ನ ಹತ್ರಾನಾ?" ಎಂದರು. ಜಗಲಿಯ ಮೇಲೆ ಕಾಯುತ್ತಿದ್ದವರು ಕೇಳಿಸಿಕೊಂಡರು. ಚಾಚನ್ ಮೆಟ್ಟಿಲಿಳಿದರು. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು. ಮನೆಯಲ್ಲಿ ನನ್ನ ಅತ್ತೆ ಅಮ್ಮಚ್ಚಿ ಸಂಜೆಯ ಪ್ರಾರ್ಥನೆಗೆ ಕೋಣೆಯಿಂದ ಹೊರಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಅದು ಎಂದೂ ಆಗಿಲ್ಲ.

ತೆರಿಗೆ ಇಲ್ಲ, ದಂಡ ಇಲ್ಲ. ವ್ಯಾನು ನನ್ನದು. ಪವಿತ್ರನ್ ಎಂಬವರಿಗೆ ನನ್ನ ಧನ್ಯವಾದ ತಿಳಿಸಿ. ಇನ್ನು ಮುಂದೆ ನಾನು ಬರೆಯುವುದಿಲ್ಲ.

ಎಲ್ಸಮ್ಮ


ಮಾಹೆ
19 ಡಿಸೆಂಬರ್ 2017

ಮಗಳೇ,

ಓದಿದೆ.

ಹಬ್ಬ ಮುಗಿದು ಕಚೇರಿ ತೆರೆಯಲಿ. ಬರುತ್ತೇನೆ.

ಪವಿತ್ರನ್


ಮಾಹೆ
17 ಜನವರಿ 2018

ಎಲ್ಸಮ್ಮ ಮಗಳೇ,

ನೀವು ಉತ್ತರಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಡೆದದ್ದು ನಿಮಗೆ ಕಚೇರಿಯ ನೋಟೀಸಿನಿಂದ ಮೊದಲು ತಿಳಿಯಬಾರದು.

ನಾಲ್ಕನೆಯ ತಾರೀಕು ನಿಮ್ಮ ಊರಿಗೆ ಬಂದಿದ್ದೆ. ರಾತ್ರಿ ರೈಲು, ಆಮೇಲೆ ಬಸ್ಸು. ರಬ್ಬರ್ ತೋಟದ ನಡುವಿನ ಆ ತಿರುವುಗಳಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಕುರ್ಯಚ್ಚನ್ ಆ ತಿರುವುಗಳನ್ನು ಹೊಗಳುತ್ತಿದ್ದ, ಅವನ ಊರಲ್ಲವೇ. ರಸ್ತೆ ಬದಿಯಲ್ಲಿ ನಿಮ್ಮ ನರ್ಸರಿಯ ಬೋರ್ಡು ಕಂಡಿತು. ಇಳಿಯಲಿಲ್ಲ.

ಅಧಿಕಾರಿಯ ಮುಂದೆ ನಿಂತು ನನ್ನ ಪತ್ರ ಸುಳ್ಳು ಎಂದೆ. ಬೋನಫೈಡ್ ಎಲ್ಲ ಮರೆತುಹೋಗಿ ಮಲಯಾಳದಲ್ಲೇ ಹೇಳಿದೆ. ಆಕೆ ಕನ್ನಡಕ ತೆಗೆದು, "ಸುಳ್ಳು ಯಾಕೆ ಬರೆದ್ರಿ?" ಎಂದು ಕೇಳಿದರು.

"ಸಹಾಯ ಆಗ್ಲಿ ಅಂತ."

"ಯಾರಿಗೆ?"

ಈ ಮನೆಯಲ್ಲಿ ನನ್ನ ಜೊತೆ ಒಬ್ಬ ಇದ್ದ ಎಂದು ಸರ್ಕಾರದ ಕಾಗದದ ಮೇಲೆ ಬರೆಯುವಾಗ ನನಗೆ ಸುಖವಾಗಿತ್ತು, ಅದನ್ನು ಅವರಿಗೆ ಹೇಗೆ ಹೇಳಲಿ?

ಫೈಲು ಮುಗಿದಿದೆ, ಮನೆಗೆ ಹೋಗಿ ಎಂದರು. ನಾನು ಕದಲಲಿಲ್ಲ. "ಅವತ್ತು ಬರೆದದ್ದು ಸುಳ್ಳು ಅಂತೀರಿ. ಇವತ್ತು ಹೇಳ್ತಿರೋದು ನಿಜ ಅಂತ ಹೇಗೆ ನಂಬ್ಲಿ?" ಎಂದರು. ನ್ಯಾಯವಾದ ಮಾತು. ಆಗ ಹೇಳಿದೆ, "ಮೇಡಂ, ನನ್ನ ಮನೇಲಿ ವಾಸ ಇದ್ದಾರೆ ಅಂತ ಕಾಗದದಲ್ಲಿರೋರೆಲ್ಲ ಒಂದು ದಿನ ಬಂದ್ರೆ ಅಂಗಳದಲ್ಲಿ ನಿಲ್ಲೋಕೂ ಜಾಗ ಸಾಲಲ್ಲ. ಕುರ್ಯಚ್ಚನ್ ಒಬ್ಬನೇ ಅಲ್ಲ." ನಿಮಗೆ ಈ ಸಂಗತಿ ಬರೆದಿರಲಿಲ್ಲ. ಆಕೆ ಹಾಳೆ ಎಳೆದುಕೊಂಡು "ಹೆಸರು ಹೇಳಿ" ಎಂದರು. ಹೇಳಿದೆ. ಪಾಲಾ ಊರಿನ ದಂತವೈದ್ಯರು, ವಡಗರದ ಇಬ್ಬರು ಗುತ್ತಿಗೆದಾರರು, ತೃಶ್ಶೂರಿನ ಒಬ್ಬ ಹೆಂಗಸು, ನೆನಪಿದ್ದವರೆಲ್ಲ.

ಹೋದ ವಾರ ಆ ಕಚೇರಿಯವರೂ ನಮ್ಮ ಕಚೇರಿಯವರೂ ಜೊತೆಯಾಗಿ ಮನೆ ನೋಡಲು ಬಂದರು. ನೋಡುವುದಕ್ಕೆ ಏನಿದೆ? ಒಂದು ತಟ್ಟೆ ತೊಳೆದು ಕವುಚಿಟ್ಟಿತ್ತು. ಒಬ್ಬ ಹುಡುಗ ಸುಮತಿಯ ಫೋಟೋ ಮುಂದೆ ನಿಂತು ಇವರು ಯಾರು ಎಂದ. ಈ ಮನೆಯ ಹೆಸರು ಇವರದೇ ಎಂದೆ. ಅವನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ. ಈ ಮನೆಯಲ್ಲಿ ಮಾಲೀಕನ ಹೊರತು ಯಾರೂ ವಾಸವಿರಲಿಲ್ಲ ಎಂದು ಬರೆದುಕೊಂಡರು. ನಾನು ಕೆಳಗೆ ಸಹಿ ಹಾಕಿದೆ.

ಅಂಗಡಿ ಮುಚ್ಚಿಸಿದ್ದಾರೆ, ನನ್ನ ಮೇಲೆ ಕೇಸು ಆಗುತ್ತದಂತೆ. ಇಲ್ಲಿಯ ವಾಹನದ ವ್ಯಾಪಾರಿಗಳು ಎದುರು ಬಂದರೆ ರಸ್ತೆ ದಾಟುತ್ತಾರೆ. ನಾಣು ಚಹಾ ಕೊಡುತ್ತಾನೆ, ಆದರೆ ಮೇಜಿನ ಮೇಲೆ ಲೋಟ ಕುಕ್ಕುತ್ತಾನೆ. ಅದನ್ನೆಲ್ಲ ನೀವು ಯೋಚಿಸಬೇಡಿ.

ಯೋಚಿಸಬೇಕಾದದ್ದು ಬೇರೆ. ನಿಮ್ಮ ಫೈಲು ಮತ್ತೆ ತೆರೆಯುತ್ತದೆ. ತೆರಿಗೆ, ದಂಡ ಎಲ್ಲ ಬರುತ್ತದೆ, ವ್ಯಾನು ಹೋಗುತ್ತದೆ. ಮೊದಲ ಸಲ ನಿಮ್ಮನ್ನು ಕೇಳದೆ ನಿಮ್ಮ ಗಂಡನನ್ನು ಕಿತ್ತುಕೊಂಡೆ. ಈ ಸಲವೂ ಕೇಳದೆ ನಿಮ್ಮ ಅನ್ನ ಕಿತ್ತುಕೊಂಡೆನೋ ಏನೋ.

ಪವಿತ್ರನ್


ಮುಂಡಕ್ಕಯಂ
3 ಮಾರ್ಚ್ 2018

ಪವಿತ್ರನ್ ಚೇಟ್ಟನಿಗೆ,

ನೋಟೀಸು ಬಂತು. ಮಾಹೆಯಲ್ಲಿ ವಾಸವಿರಲಿಲ್ಲ ಎಂದು ಸಾಬೀತಾಗಿರುವುದರಿಂದ ಎಂದು ಶುರುವಾಗುತ್ತದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದರ ಕೆಳಗಿನ ಮೊತ್ತ ಎಷ್ಟೆಂದು ಮೊದಲ ದಿನ ನಾನು ನೋಡಲೇ ಇಲ್ಲ.

ಚಾಚನ್‌ಗೆ ಹೇಳಿ ಕಳಿಸಿದೆ. ಡಿಸೆಂಬರಿನಿಂದ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಬಂದು, ನಿಂತುಕೊಂಡೇ, ಚೆಕ್‌ಪೋಸ್ಟಿನಲ್ಲಿ ಓದುತ್ತಿದ್ದ ಹಾಗೆ ಬೆರಳು ಸರಿಸುತ್ತಾ ಓದಿದರು. ಆಮೇಲೆ ಕುಳಿತರು. ಅಳಿಯ ಹೀಗೆ ಮಾಡಿದನೇ ಎಂದು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. "ತೆರಿಗೆ ತಪ್ಪಿಸಿದ್ದಕ್ಕೆ ದಂಡ ಅಂತ ಒಂದಿದೆ ಮಗಳೇ. ಕಟ್ಟಿದ್ರೆ ಮುಗೀತು. ಇನ್ನೊಂದಕ್ಕೆ ಎಲ್ಲಿ ಹೋಗಿ ಕಟ್ತಿದ್ದೆ?" ಎಂದರು. ನೋಟೀಸನ್ನು ಮಡಿಸುತ್ತಾ, ನನ್ನನ್ನು ನೋಡದೆ, "ಅಷ್ಟೊಂದು ಹೆದರಿಸಿಬಿಟ್ಟಿದ್ನಾ ನಾನು ಆ ಹುಡುಗನ್ನ?" ಎಂದು ಕೇಳಿದರು. ನಾನು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಅಮ್ಮಚ್ಚಿಗೆ ನಾನೇ ಓದಿ ಹೇಳಿದೆ. ಸರ್ಕಾರಕ್ಕೆ ವಂಚನೆ ಎಂಬ ಜಾಗ ಬಂದಾಗ ಅವರು ಕೈ ಮುಗಿದರು. "ಬರೀ ಕಳ್ಳನಷ್ಟೇ ಆಗಿದ್ದ ನನ್ನ ಮಗ, ಸದ್ಯ" ಎಂದರು. ಆ ಸಂಜೆ ಪ್ರಾರ್ಥನೆಗೆ ಹೊರಗೆ ಬಂದರು.

ಔಸೇಪ್ಪಚ್ಚನ್ ಬಾಯಿ ಮುಚ್ಚಿಲ್ಲ. ಅವರ ಹೆಂಡತಿ ಇಗರ್ಜಿಯಿಂದ ಇಳಿಯುವಾಗ "ಮಾಹೆಯವರು ಚೆನ್ನಾಗಿದ್ದಾರಾ?" ಎಂದು ಈಗಲೂ ಕೇಳುತ್ತಾಳೆ. ನೋಟೀಸನ್ನು ಮನೆ ಮನೆಗೆ ಓದಿ ಹೇಳಲು ಆಗುವುದಿಲ್ಲವಲ್ಲ. ವ್ಯಾನು ಮಾರಿ ಕಟ್ಟಿದೆ. ಸಸಿಗಳನ್ನು ಎರಾಟ್ಟುಪೇಟೆಯ ಒಬ್ಬರು ಒಟ್ಟಿಗೆ ತೆಗೆದುಕೊಂಡು ಹೋದರು. ನೆರಳು ಪರದೆ ಮಾತ್ರ ಉಳಿದಿದೆ, ಕೆಳಗೆ ಏನೂ ಇಲ್ಲ. ಮುಂದಿನ ತಿಂಗಳಿನಿಂದ ಒಂದು ಬೇಕರಿಯಲ್ಲಿ ಲೆಕ್ಕ ನೋಡಲು ಹೋಗುತ್ತೇನೆ. ನೀವು ಅನ್ನ ಕಿತ್ತುಕೊಂಡಿರಾ ಎಂದು ಕೇಳಿದ್ದಿರಿ. ಹೌದು, ಕಿತ್ತುಕೊಂಡಿರಿ. ಆದರೆ ನಾನು ಈಗ ಸಮಾಧಿಯ ಹತ್ತಿರ ಹೋಗುತ್ತಿದ್ದೇನೆ.

ನಿಮ್ಮನ್ನು ನಂಬಿದ್ದೇನೆ. ಕೆಲವು ದಿನ ಬೆಳಗ್ಗೆ ಏಳುವಾಗ ಆ ನಂಬಿಕೆ ಇರುವುದಿಲ್ಲ, ಒಲೆ ಹಚ್ಚಿ, ನೀರು ಕಾಯಿಸಿ, ಕೆಲಸಕ್ಕೆ ತೊಡಗಿದ ಮೇಲೆ ಬರುತ್ತದೆ.

ಒಂದು ಕೇಳುವುದಿದೆ. ಅವರು ಆ ಕಡೆ ಬಂದ ರಾತ್ರಿಗಳಲ್ಲಿ ನಾನು ಇಲ್ಲಿ ಮಲಗಿ ಅವರ ಲಾಡ್ಜನ್ನು ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ. ಕಬ್ಬಿಣದ ಮಂಚ, ಹಸಿರು ಬಣ್ಣದ ಕಿಟಕಿ, ಮೊಳೆಗೆ ನೇತುಹಾಕಿದ ಅಂಗಿ. ಅದೊಂದೂ ಇರಲಿಲ್ಲ. ಆ ರಾತ್ರಿಗಳು ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇವೆ. ಅವನ್ನು ನನಗೆ ಬರೆಯಿರಿ. ಸುತ್ತು ಬಳಸಿ ಬರಲಿ, ಪರವಾಗಿಲ್ಲ. ಚೆನ್ನಾಗಿ ಕಾಣಲಿ ಎಂದು ಮಾತ್ರ ಏನನ್ನೂ ಸೇರಿಸಬೇಡಿ.

ಎಲ್ಸಮ್ಮ


ಮಾಹೆ
12 ಮಾರ್ಚ್ 2018

ಎಲ್ಸಮ್ಮ ಮಗಳೇ,

ಸೇರಿಸುವುದಿಲ್ಲ. ನನಗೆ ಈಗ ಬೇಕಾದಷ್ಟು ಹೊತ್ತಿದೆ, ಒಂದೊಂದಾಗಿ ಬರೆಯುತ್ತೇನೆ. ಇವತ್ತು ಒಂದು.

ಅವನು ಸಂಜೆ ಬರುತ್ತಿದ್ದ. ವ್ಯಾನು ನೆರಳಿಗೆ ಹಾಕಿ ಮೊದಲು ಸಸಿಗಳಿಗೆ ನೀರು, ಆಮೇಲೆ ತನಗೆ. ಸ್ನಾನ ಮಾಡಿ ಮರಗೆಣಸು ಸುಲಿಯಲು ಕೂರುತ್ತಿದ್ದ, ನಾನು ಮೀನು ತೊಳೆಯುತ್ತಿದ್ದೆ. ಊಟಕ್ಕೆ ಮೊದಲು ನಿಮಗೆ ಫೋನ್ ಮಾಡಬೇಕು. ಅದಕ್ಕೊಂದು ಏರ್ಪಾಡಿತ್ತು. ಲಾಡ್ಜಿನಲ್ಲಿ ಕುಕ್ಕರ್ ಕೂಗಬಾರದಲ್ಲ, ಹಾಗಾಗಿ ಒಲೆ ಆರಿಸುವುದು. ರೇಡಿಯೋ ನಿಲ್ಲಿಸುವುದು. ಪಕ್ಕದ ಮನೆಯ ನಾಯಿ ಬೊಗಳದಂತೆ ಅದಕ್ಕೊಂದು ಮೀನಿನ ತಲೆ ಹಾಕಿ ಬರುವುದು, ಅದು ನನ್ನ ಪಾಲಿನ ಕೆಲಸ. ಎಲ್ಲ ಸದ್ದಡಗಿದ ಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ಫೋನ್ ಹಚ್ಚುತ್ತಿದ್ದ. ನಾನು ಮೂಲೆಯ ಕುರ್ಚಿಯಲ್ಲಿ ಅಲುಗಾಡದೆ ಕೂರುತ್ತಿದ್ದೆ.

ನಿಮ್ಮ ಮಾತು ನನಗೆ ಕೇಳಿಸುತ್ತಿರಲಿಲ್ಲ. ಅವನದು ಮಾತ್ರ. ಊಟ ಆಯ್ತಾ, ಅಮ್ಮಚ್ಚಿ ಮಾತ್ರೆ ತಗೊಂಡ್ರಾ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ್ಯಾ. ಹದಿನೆಂಟು ವರ್ಷದಲ್ಲಿ ನೀವು ದಿನಾ ಕೇಳಿದ ಮಾತುಗಳೇ. ಆದರೆ ಹೇಳುವಾಗ ಅವನು ಉಗುರಿನಿಂದ ಗೋಡೆಯ ಸುಣ್ಣ ಕೆರೆಯುತ್ತಿದ್ದ. ಆ ಜಾಗದಲ್ಲಿ ಈಗ ಅಂಗೈಯಷ್ಟು ಸುಣ್ಣವಿಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನನಗೆ ತಡೆಯಲಾಗಲಿಲ್ಲ. ಟವೆಲ್ಲು ಬಾಯಿಗೆ ತುರುಕಿಕೊಂಡರೂ ಕೆಮ್ಮು ಹೊರಗೆ ಬಂತು. ಅಲ್ಲಿ ಯಾರು ಎಂದು ನೀವು ಕೇಳಿರಬೇಕು. ಅವನು ನನ್ನ ಕಡೆ ಕಣ್ಣು ಬಿಟ್ಟು, "ಪಕ್ಕದ ರೂಮಿನ ಮುದುಕ. ಗೋಡೆ ತೆಳ್ಳಗಿದೆ. ಪಾಪ, ಯಾರೂ ಇಲ್ಲ ಅವರಿಗೆ" ಎಂದ. ನೀವು ಏನೋ ಹೇಳಿದಿರಿ. ಹ್ಞೂಂ ಹ್ಞೂಂ ಎಂದು ಕೇಳಿಕೊಂಡು ಫೋನಿಟ್ಟ. ಒಲೆ ಹಚ್ಚಿ ಶುಂಠಿ, ಕಾಳುಮೆಣಸು ಜಜ್ಜಿ ಕುದಿಸಿ, ಬೆಲ್ಲ ಹಾಕಿ ತಂದು ನನ್ನ ಮುಂದೆ ಹಿಡಿದ. "ಎಲ್ಸಮ್ಮ ಹೇಳಿದ್ದಾಳೆ, ಪಕ್ಕದ ರೂಮಿನವರಿಗೆ ಕೊಡಬೇಕಂತೆ. ಕುಡೀರಿ" ಎಂದು ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತ.

ಕುಡಿದೆ ಮಗಳೇ. ಆ ಕೆಮ್ಮು ಮೂರನೆಯ ದಿನಕ್ಕೆ ಹೋಯಿತು.

ಪವಿತ್ರನ್